ಕೇಳ್ರಿ, ಹೇಳ್ತೀನಿ: ಮಗ ಟ್ರೇನಿಂಗ್‌ಗೆ ಹೋಗಿದ್ದಾನೋ, ಜಾತ್ರೆಗೋ?

ಓದುಗರ ಪ್ರಶ್ನೆಗಳಿಗೆ ಕಲಬುರಗಿಯ ನಿವೃತ್ತ ತಹಶೀಲ್ದಾರರೊಬ್ಬರ ಉತ್ತರ

ಹೋದ ತಿಂಗಳು ಅಧಿಕಾರಿಗಳ ತರಬೇತಿ ಬಗ್ಗೆ ಎರಡು ಮಾತು ಬರೆದಿದ್ದೆ. ಅದಕ್ಕೇ ಏನೋ, ಈ ಸಲದ ಪತ್ರಗಳೆಲ್ಲ ಅದರ ಸುತ್ತಲೇ ಇವೆ. ನಾಲ್ಕನ್ನು ಆರಿಸಿದ್ದೇನೆ. ಯಾರ ಹೆಸರನ್ನೂ ಹಾಕಿಲ್ಲ.

ಪ್ರಶ್ನೆ: ನಮಸ್ಕಾರ ಮೇಡಂ. ಎರಡು ಎಕರೆ ತೊಗರಿ ಹೊಲ ಮಾರಿ ಮಗನನ್ನು ದೆಹಲಿಯಲ್ಲಿ ಓದಿಸಿದೆ. ಯುಪಿಎಸ್‌ಸಿ ಪಾಸಾಗಿ, ಆದಾಯ ತೆರಿಗೆ ಇಲಾಖೆ ಸಿಕ್ಕಿ, ಈಗ ನಾಗಪುರದಲ್ಲಿ ಟ್ರೇನಿಂಗ್‌ನಲ್ಲಿದ್ದಾನೆ. ಯಾವಾಗ ಫೋನ್ ಮಾಡಿದರೂ ಮುಂಜಾನೆ ವಾಲಿಬಾಲ್, ಸಂಜೆ ನಾಟಕದ ತಾಲೀಮು ಅಂತಾನೆ. ಮಸ್ಸೂರಿಯಲ್ಲಿ ಎಲ್ಲ ಇಲಾಖೆಯವರ ಸ್ಪರ್ಧೆ ಇದೆಯಂತೆ. ನಾಟಕದಲ್ಲಿ ಇವನದು ಹೆಣ್ಣು ವೇಷ ಬೇರೆ. ಊರಲ್ಲಿ ಗೊತ್ತಾಗಿ ಜನ ನಗ್ತಾರೆ. ಇದು ಟ್ರೇನಿಂಗೋ, ಜಾತ್ರೆಯೋ?
(ಒಬ್ಬ ತಂದೆ, ಆಳಂದ ತಾಲೂಕು)

ಅಣ್ಣಾರೇ, ಮೊದಲು ಹೆಣ್ಣು ವೇಷದ ಮಾತು ಮುಗಿಸಿಬಿಡೋಣ. ನಮ್ಮ ಕಡೆ ದೊಡ್ಡಾಟದಲ್ಲಿ ದ್ರೌಪದಿ ಆಗುತ್ತಿದ್ದವರು ಯಾರು? ಮೀಸೆ ಬೋಳಿಸಿಕೊಂಡ ಗಂಡಸರೇ ಅಲ್ವಾ? ಆಗ ಊರ ಜನ ಎದ್ದು ಹೋಗಿ ಆಹೇರಿ ಮಾಡುತ್ತಿದ್ದರು. ಈಗ ನಗುವವರಿಗೆ ಅದನ್ನು ನೆನಪು ಮಾಡಿಕೊಡಿ.

ಇನ್ನು ನಿಮ್ಮ ಸಿಟ್ಟು. ಹೊಲ ಮಾರಿದವರ ಸಿಟ್ಟು ಸುಳ್ಳಲ್ಲ. ಆದರೆ ಅಲ್ಲಿ ನಡೆಯೋದು ಏನು ಅಂತ ತಿಳಿದುಕೊಂಡು ಸಿಟ್ಟಾಗಿ.

ಪರೀಕ್ಷೆ ಒಂದೇ, ಪಾಸಾದ ಮೇಲೆ ದಾರಿ ಬೇರೆ ಬೇರೆ. ಐಎಎಸ್‌ನವರು ಮಸ್ಸೂರಿಯಲ್ಲಿ, ಐಪಿಎಸ್‌ನವರು ಹೈದರಾಬಾದಿನಲ್ಲಿ, ಲೆಕ್ಕಪರಿಶೋಧನೆಯವರು ಶಿಮ್ಲಾದಲ್ಲಿ, ನಿಮ್ಮ ಮಗನಂಥವರು ನಾಗಪುರದಲ್ಲಿ ಕಲಿಯುತ್ತಾರೆ. ಶುರುವಿನಲ್ಲಿ ಮೂರು ತಿಂಗಳ ಮೇಲೆ ಚಿಲ್ಲರೆ ದಿನ ಬೇರೆ ಬೇರೆ ಸೇವೆಯವರಿಗೆ ಒಟ್ಟಿಗೆ ಫೌಂಡೇಶನ್ ಕೋರ್ಸ್ ಇರುತ್ತದೆ. ಅದು ಮುಗಿದರೆ ಅವರವರ ಅಕಾಡೆಮಿ ಅವರವರಿಗೆ. ಹಾಗೆ ಚದುರಿದವರನ್ನು ಮತ್ತೆ ಒಂದು ಮೈದಾನಕ್ಕೆ ತರೋದೇ ಈ ಇಂಟರ್ ಸರ್ವಿಸಸ್ ಮೀಟ್. ಜಾಗ ಮಸ್ಸೂರಿಯ ಲಾಲ್ ಬಹದ್ದೂರ್ ಶಾಸ್ತ್ರಿ ಅಕಾಡೆಮಿ. ಚಾರ್ಲ್‌ವಿಲ್ ಅನ್ನುವ ಹಳೇ ಹೋಟೆಲಿನ ಜಾಗದಲ್ಲಿ 1959ರಲ್ಲಿ ಶುರುವಾದದ್ದು. ಶಾಸ್ತ್ರೀಜಿ ಹೆಸರು ಇಟ್ಟಿದ್ದು 1972ರಲ್ಲಿ. ಅಲ್ಲಿ ಆಟವೂ ಉಂಟು, ಹಾಡು, ಕುಣಿತ, ನಾಟಕವೂ ಉಂಟು.

ಇದರಿಂದ ಏನು ಬಂತು ಅಂತ ಕೇಳುತ್ತೀರಿ. ನನ್ನ ಕಥೆ ಹೇಳುತ್ತೇನೆ. ನಾನು ಐಎಎಸ್ ಅಲ್ಲ, ರಾಜ್ಯ ಸರ್ಕಾರದ ನೌಕರಿಯವಳು. ನಮ್ಮ ತರಬೇತಿಯಲ್ಲೂ ಒಂದು ಕ್ರೀಡಾಕೂಟ ಆಯಿತು. ಹೆಂಗಸರಿಗೆ ಅಂತ ಇಟ್ಟಿದ್ದು ಮೂರೇ: ನಿಂಬೆಹಣ್ಣು ಚಮಚ, ಮ್ಯೂಸಿಕಲ್ ಚೇರ್, ರಂಗೋಲಿ. ನಾವು ಏಳು ಜನ ಹೆಂಗಸರು ಜಗಳ ತೆಗೆದೆವು. ನಾಳೆ ನಮ್ಮನ್ನೇನು ಚಮಚ ಹಿಡಿದು ಜಮೀನು ಅಳೆಯೋಕೆ ಕಳಿಸ್ತೀರಾ ಅಂತ ಕೇಳಿದೆವು. ಕೊನೆಗೆ ಹಗ್ಗ ಜಗ್ಗಾಟಕ್ಕೆ ಗಂಡಸರ ಜೊತೆ ಸೇರಿಸಿಕೊಂಡರು.

ಜಂಬದಿಂದ ನಾನೇ ಮುಂದೆ ನಿಂತೆ. ಮಳೆ ಬಂದು ನೆಲ ಜಾರುತ್ತಿತ್ತು. ಕಾಲು ಸರಿದಿದ್ದೇ ತಡ, ಹಗ್ಗ ಬಿಟ್ಟೆ. ಹಿಂದಿದ್ದವರೆಲ್ಲ ಒಬ್ಬರ ಮೇಲೆ ಒಬ್ಬರು. ಎಲ್ಲರಿಗಿಂತ ಕೊನೆಗೆ ಸೊಂಟಕ್ಕೆ ಹಗ್ಗ ಸುತ್ತಿಕೊಂಡಿದ್ದ ಸಹಕಾರ ಇಲಾಖೆಯ ಹುಡುಗನೊಬ್ಬ ಕೆಸರಲ್ಲಿ ಎಳೆದುಕೊಂಡು ಹೋಗಿ ಮೊಣಕೈ ಕೆತ್ತಿಸಿಕೊಂಡ. ಎರಡು ದಿನ ನನ್ನ ಜೊತೆ ಮಾತು ಬಿಟ್ಟಿದ್ದ. ಮೂರನೇ ದಿನ ತಾನೇ ಚಹಾ ತಂದುಕೊಟ್ಟ.

2009ರ ನೆರೆ ನೆನಪಿದೆಯಲ್ಲ? ಆಗ ನಾನು ಭೀಮಾ ದಂಡೆಯ ಒಂದು ತಾಲೂಕಿನಲ್ಲಿದ್ದೆ. ಶಾಲೆಯೊಂದರಲ್ಲಿ ಗಂಜಿ ಕೇಂದ್ರ ತೆರೆದಿದ್ದೆವು. ಎರಡನೇ ರಾತ್ರಿ ಅಕ್ಕಿ ಮುಗಿಯಿತು. ನಮ್ಮ ಗೋದಾಮಿನ ಕಡೆಯ ರಸ್ತೆ ನೀರಲ್ಲಿ. ಪಕ್ಕದ ಜಿಲ್ಲೆಯ ಕಡೆಯ ರಸ್ತೆ ಮಾತ್ರ ತೆರೆದಿತ್ತು. ಅಲ್ಲಿನ ಸಹಕಾರ ಇಲಾಖೆಯ ಸಾಹೇಬರ ನಂಬರ್ ಯಾರೋ ಕೊಟ್ಟರು. ರಾತ್ರಿ ಹನ್ನೊಂದಕ್ಕೆ ಫೋನ್ ಹಚ್ಚಿ, ಗತ್ತಿನಲ್ಲೇ, "ನಾನು ತಹಶೀಲ್ದಾರ್ ಮಾತಾಡೋದು" ಅಂದೆ. ಆ ಕಡೆಯಿಂದ ಸ್ವಲ್ಪ ಹೊತ್ತು ಸದ್ದಿಲ್ಲ. ಆಮೇಲೆ, "ಯಾರು, ಹಗ್ಗ ಬಿಟ್ಟ ಮೇಡಂ ಏನ್ರೀ?"

ನನ್ನ ಹೆಸರು ಮರೆತಿದ್ದ. ದನಿ ಮರೆತಿರಲಿಲ್ಲ. ಬೆಳಕು ಹರಿಯೋ ಹೊತ್ತಿಗೆ ಎರಡು ಟ್ರ್ಯಾಕ್ಟರ್ ಬಂದವು, ಅಕ್ಕಿ, ಬೇಳೆ, ಮೇಲೆ ಒಂದು ಡಬ್ಬಿ ಎಣ್ಣೆ. ಕಾಗದ ಪತ್ರ ಆಮೇಲೆ ಆಯಿತು. ಆ ಕ್ರೀಡಾಕೂಟದ ಕಪ್ ಯಾರ ಕಪಾಟಿನಲ್ಲಿದೆಯೋ ಯಾರಿಗೆ ಗೊತ್ತು.

ನಿಮ್ಮ ಮಗ ನಾಳೆ ಯಾವುದೋ ಊರಲ್ಲಿ ತೆರಿಗೆ ಅಧಿಕಾರಿ ಆಗುತ್ತಾನೆ. ಅವನಿಗೆ ಪೊಲೀಸರು ಬೇಕಾಗುತ್ತಾರೆ, ಜಿಲ್ಲಾಧಿಕಾರಿ ಬೇಕಾಗುತ್ತಾರೆ. ಕುರ್ಚಿ ಮೇಲೆ ಕೂತ ಮೇಲೆ ಆಗೋ ಪರಿಚಯದಲ್ಲಿ ಇಬ್ಬರಿಗೂ ಗತ್ತು ಜಾಸ್ತಿ. ವಾಲಿಬಾಲ್ ಅಂಕಣದಲ್ಲಿ ಸೋತು ಬೆವರು ಒರೆಸಿಕೊಳ್ಳುವಾಗ ಆದ ಪರಿಚಯ ಬೇರೆ. ಅವನಿಗೆ ಅಲ್ಲಿ ಪಾಠ, ಪರೀಕ್ಷೆ ಎಲ್ಲ ಇದ್ದೇ ಇವೆ. ಅದನ್ನು ತಪ್ಪಿಸಿದರೆ ಬೈಯಿರಿ, ನಾನೂ ಬೈಯ್ತೀನಿ. ನಾಟಕಕ್ಕೆ ಬೈಬೇಡಿ. ಫೋಟೋ ಕಳಿಸು ಅನ್ನಿ.

ಪ್ರಶ್ನೆ: ನಾನು ಕಬಡ್ಡಿಯಲ್ಲಿ ರಾಜ್ಯ ಮಟ್ಟದವರೆಗೆ ಆಡಿದ್ದೇನೆ. ಸರ್ಟಿಫಿಕೇಟ್ ಇವೆ. ಐಎಎಸ್‌ಗೆ ಇದರಿಂದ ಮಾರ್ಕ್ಸ್ ಸಿಗುತ್ತಾ?
(ಚಿತ್ತಾಪುರ)

ಇಲ್ಲ ತಮ್ಮಾ. ಮುಖ್ಯ ಪರೀಕ್ಷೆಗೆ 1,750, ಸಂದರ್ಶನಕ್ಕೆ 275, ಒಟ್ಟು 2,025 ಅಂಕ. ಅದರಲ್ಲಿ ಕಬಡ್ಡಿಗೆ ಒಂದೂ ಇಲ್ಲ. ಐಎಎಸ್, ಐಪಿಎಸ್‌ಗೆ ಕ್ರೀಡಾ ಕೋಟಾವೂ ಇಲ್ಲ. ಕೋಟಾ ಇದೆ, ಕೊಡಿಸ್ತೀನಿ ಅಂತ ದುಡ್ಡು ಕೇಳಿದವನ ಮನೆ ಕಡೆ ತಿರುಗಿಯೂ ನೋಡಬೇಡ. ಅರ್ಜಿಯಲ್ಲಿ ಹವ್ಯಾಸ, ಆಟ ಬರೆಯೋ ಜಾಗ ಇರುತ್ತದೆ. ಸಂದರ್ಶನದಲ್ಲಿ ಅದರ ಮೇಲೆ ಪ್ರಶ್ನೆ ಬರಬಹುದು, ಅಷ್ಟೇ. ಹಾಗಂತ ಆಡೋದು ಬಿಡಬೇಡ. ಹಾಸನದಲ್ಲಿ ಹುಟ್ಟಿದ ಸುಹಾಸ್ ಯತಿರಾಜ್ ಉತ್ತರ ಪ್ರದೇಶದಲ್ಲಿ ಜಿಲ್ಲಾಧಿಕಾರಿ ಆಗಿದ್ದಾಗಲೇ ಟೋಕಿಯೊ ಪ್ಯಾರಾಲಿಂಪಿಕ್ಸ್‌ನಲ್ಲಿ ಬ್ಯಾಡ್ಮಿಂಟನ್ ಬೆಳ್ಳಿ ಗೆದ್ದವರು. 2024ರಲ್ಲಿ ಪ್ಯಾರಿಸ್‌ನಲ್ಲೂ ಬೆಳ್ಳಿ.

ಪ್ರಶ್ನೆ: ಅಕ್ಕಾ, ನಾನು ಸುರಪುರ ಕಡೆಯವಳು, ಈಗ ಮಸ್ಸೂರಿಯಲ್ಲಿ ಫೌಂಡೇಶನ್ ಕೋರ್ಸ್‌ನಲ್ಲಿದ್ದೇನೆ. ಇಂಡಿಯಾ ಡೇ ದಿನ ಒಂದೊಂದು ಪ್ರದೇಶದವರು ತಮ್ಮ ಕಡೆಯ ಊಟ, ಉಡುಪು, ಹಾಡು, ಕುಣಿತ ತೋರಿಸಬೇಕು. ಕರ್ನಾಟಕದ ಗುಂಪಿನಲ್ಲಿ ಯಕ್ಷಗಾನ, ಮೈಸೂರು ಪೇಟ, ಕೊಡವ ಸೀರೆ ಅಂತ ಆಗಲೇ ಹಂಚಿಕೊಂಡಿದ್ದಾರೆ. ನಿಮ್ಮ ಕಡೆ ಏನಿದೆ ಅಂತ ಕೇಳಿದರು. ನನಗೆ ಬಾಯೇ ಬರಲಿಲ್ಲ.
(ಯಾದಗಿರಿ ಜಿಲ್ಲೆ)

ತಂಗಿ, ನಿನ್ನ ಪತ್ರ ಓದಿ ನನಗೆ ನಿನ್ನ ಮೇಲೇ ಸಿಟ್ಟು ಬಂತು. ಏನಿದೆ ಅಂದರೆ? ಏನಿಲ್ಲ?

ಊಟದಿಂದ ಶುರು ಮಾಡು. ಮನೆಗೆ ಫೋನ್ ಮಾಡಿ ಕಡಕ್ ರೊಟ್ಟಿ ತರಿಸು. ಜೋಳದ್ದು, ಎಳ್ಳು ಹಚ್ಚಿದ ಸಜ್ಜಿಯದು, ಎರಡೂ. ಚೆನ್ನಾಗಿ ಒಣಗಿಸಿದ್ದರೆ ದಾರಿಯಲ್ಲಿ ಕೆಡೋದಿಲ್ಲ. ಯಾರಾದರೂ ಕರ್ನಾಟಕ ಎಕ್ಸ್‌ಪ್ರೆಸ್‌ನಲ್ಲಿ ದೆಹಲಿಗೆ ಬರುವವರಿದ್ದರೆ ಕೈಯಲ್ಲಿ ಕಳಿಸಲಿ. ಕೊರಿಯರ್‌ಗೆ ಹಾಕಿದರೆ ಪುಡಿಯಾಗಿ ಬರುತ್ತದೆ, ನಾನು ಅನುಭವಿಸಿದ್ದೇನೆ. ಜೊತೆಗೆ ಶೇಂಗಾ ಹಿಂಡಿ, ಗುರೆಳ್ಳು ಹಿಂಡಿ. ಅಲ್ಲಿನ ಮೆಸ್‌ನವರು ಅಡುಗೆಮನೆ ಬಿಟ್ಟುಕೊಟ್ಟರೆ ಎಳ್ಳ ಅಮಾವಾಸ್ಯೆಯ ಭಜ್ಜಿ ಮಾಡು. ಚರಗ ಚೆಲ್ಲೋದು ಅಂದರೆ ಏನು, ಹೊಲದ ನಡುವೆ ಕೂತು ಯಾಕೆ ಉಣ್ಣುತ್ತಾರೆ ಅಂತ ಎರಡು ಸಾಲು ಹೇಳು. ಪಂಜಾಬಿನವರಿಗೂ ಅರ್ಥ ಆಗುತ್ತೆ, ಅವರೂ ಹೊಲದವರೇ.

ವಸ್ತು ತೋರಿಸೋದಾದರೆ ಬಿದ್ರಿ. ಯಾದಗಿರಿಯದಲ್ಲ, ಬೀದರಿನದು ಅಂತ ಬಿಡಬೇಡ, ಒಂದೇ ಸೀಮೆ ನಮ್ಮದು. ಸತುವಿಗೆ ಸ್ವಲ್ಪ ತಾಮ್ರ ಸೇರಿಸಿ ಎರಕ ಹೊಯ್ದು, ಕೊರೆದು, ಬೆಳ್ಳಿ ತಂತಿ ಕೂಡಿಸುತ್ತಾರೆ. ಆಮೇಲೆ ಕೋಟೆಯ ಹಳೇ ಮಣ್ಣಿಗೆ ನವಸಾಗರ ಹಾಕಿ ಕುದಿಸಿ ಅದರಲ್ಲಿ ಅದ್ದುತ್ತಾರೆ. ಲೋಹ ಕಪ್ಪಾಗುತ್ತದೆ, ಬೆಳ್ಳಿ ಹಾಗೇ ಹೊಳೆಯುತ್ತದೆ. ಇದನ್ನು ಒಂದು ಹೂದಾನಿ ಕೈಯಲ್ಲಿ ಹಿಡಿದು ಹೇಳಿ ನೋಡು, ಪೇಟದ ಹತ್ತಿರ ನಿಂತವರೂ ಇತ್ತ ಬರುತ್ತಾರೆ.

ಹಾಡಿಗೆ ಕಡಕೋಳ ಮಡಿವಾಳಪ್ಪನವರ ತತ್ವಪದ ಇದೆ. ಏಕತಾರಿ, ದಮ್ಮಡಿ ಸಿಗದಿದ್ದರೆ ಕೈ ತಾಳ ಸಾಕು. ನಾನಾದರೆ ಮೊಹರಂ ಪದ ಆರಿಸುತ್ತಿದ್ದೆ. ಅಲಾಯಿ ಕುಣಿಯ ಸುತ್ತ ಹೆಜ್ಜೆ ಹಾಕುತ್ತಾ ಹಿಂದೂಗಳೂ ಮುಸ್ಲಿಮರೂ ಕೂಡಿ ಕರ್ಬಲಾದ ಕಥೆಯನ್ನು ಕನ್ನಡದಲ್ಲಿ ಹಾಡುತ್ತಾರಲ್ಲ, ರಿವಾಯತ್ ಪದ, ಅದನ್ನು. ನಿನ್ನ ಊರಲ್ಲೇ ಹಾಡೋರು ಇರುತ್ತಾರೆ. ಒಬ್ಬರಿಂದ ಫೋನಿನಲ್ಲಿ ರೆಕಾರ್ಡ್ ಮಾಡಿಸಿಕೋ. ಹೆಜ್ಜೆ ಕಷ್ಟ ಇಲ್ಲ, ಕೇರಳದವರಿಗೂ ಬಿಹಾರದವರಿಗೂ ಒಂದು ಸಂಜೆಯಲ್ಲಿ ಕಲಿಸಬಹುದು. ಕಲಿಸು. ನೀನೊಬ್ಬಳೇ ಕುಣಿದರೆ ಚಪ್ಪಾಳೆ ಸಿಗುತ್ತದೆ, ಇಪ್ಪತ್ತು ಜನಕ್ಕೆ ಕಲಿಸಿದರೆ ಇಪ್ಪತ್ತು ಜನ ಸುರಪುರ ಎಲ್ಲಿದೆ ಅಂತ ಕೇಳುತ್ತಾರೆ. ಆಗ ಬೇಕಿದ್ದರೆ 1858ರಲ್ಲಿ ಬ್ರಿಟಿಷರಿಗೆ ಎದುರು ನಿಂತ ರಾಜಾ ವೆಂಕಟಪ್ಪ ನಾಯಕನ ಕಥೆಯನ್ನೂ ಹೇಳು.

ಒಂದು ಮಾತು. ಲಂಬಾಣಿ ಉಡುಪನ್ನು ಬಾಡಿಗೆಗೆ ತಂದು ಸುಮ್ನೆ ಹಾಕಿಕೊಂಡು ನಿಲ್ಲಬೇಡ. ನಿಮ್ಮ ಬ್ಯಾಚಿನಲ್ಲಿ ತಾಂಡಾದಿಂದ ಬಂದವರು ಯಾರಾದರೂ ಇದ್ದರೆ ಅವರನ್ನೇ ಮುಂದೆ ಬಿಡು.

ಪ್ರಶ್ನೆ: ದೆಹಲಿಯಲ್ಲಿ ತರಬೇತಿಯಲ್ಲಿದ್ದೇನೆ. ಮಸ್ಸೂರಿ ಕೂಟದಲ್ಲಿ 800 ಮೀಟರ್ ಓಟಕ್ಕೆ ಹೆಸರು ಕೊಟ್ಟಿದ್ದೇನೆ. ಹೋದ ಸಲ ಅಲ್ಲಿಗೆ ಹೋಗಿದ್ದಾಗ ಮೆಟ್ಟಿಲು ಹತ್ತಿದರೇ ಏದುಸಿರು ಬರುತ್ತಿತ್ತು.
(ಸೇಡಂ)

ನಿಮಗೇನೂ ಆಗಿಲ್ಲ. ಕಲಬುರಗಿ ಸಮುದ್ರ ಮಟ್ಟದಿಂದ ಸುಮಾರು 450 ಮೀಟರ್ ಎತ್ತರದಲ್ಲಿದೆ, ಮಸ್ಸೂರಿ ಸುಮಾರು 2,000. ಅಷ್ಟು ಮೇಲೆ ಗಾಳಿಯ ಒತ್ತಡ ಸಮುದ್ರ ತೀರಕ್ಕಿಂತ ಐದರಲ್ಲಿ ಒಂದು ಪಾಲು ಕಡಿಮೆ. ಒಂದೊಂದು ಉಸಿರಿಗೂ ಸಿಗೋ ಆಮ್ಲಜನಕ ಅಷ್ಟೇ ಕಡಿಮೆ. 100 ಮೀಟರ್‌ಗೆ ಇದು ಗೊತ್ತಾಗೋದಿಲ್ಲ, 800ಕ್ಕೆ ಗೊತ್ತಾಗುತ್ತದೆ. ಆದಷ್ಟು ದಿನ ಮೊದಲೇ ಹೋಗಿ. ಮೊದಲ ಎರಡು ದಿನ ಬರೀ ನಡೆಯಿರಿ, ನೀರು ಜಾಸ್ತಿ ಕುಡಿಯಿರಿ. ಓಟದ ದಿನ ಮೊದಲ ಸುತ್ತಿನಲ್ಲಿ ನಮ್ಮ ಊರ ಮೈದಾನ ಅಂದುಕೊಂಡು ನುಗ್ಗಬೇಡಿ. ಎದೆ ನೋವು, ತಲೆ ಸುತ್ತು ಬಂದರೆ ಮಾತ್ರ ನಿಲ್ಲಿಸಿ ಡಾಕ್ಟರಿಗೆ ತೋರಿಸಿ. ಮತ್ತೆ, ಅಲ್ಲಿನ ಮೈದಾನ ಇರೋದು ಅಕಾಡೆಮಿಗಿಂತ ತಗ್ಗಿನಲ್ಲಿ. ಓಟ ಮುಗಿದ ಮೇಲೆ ಗುಡ್ಡ ಹತ್ತೋದು ಬಾಕಿ ಇರುತ್ತದೆ.