ಮಡಿಕೇರಿ ಆಕಾಶವಾಣಿಯ ಕಾರ್ಯಕ್ರಮ ತಪ್ಪಿಹೋದರೆ ಆಮೇಲೆ ಕೇಳುವುದು ಹೇಗೆ?

ನಾಪೋಕ್ಲು ಹತ್ತಿರ ತೋಟದ ಮನೆ, ಅಮ್ಮನಿಗೆ ಮಡಿಕೇರಿ ಆಕಾಶವಾಣಿಯ ಕೊಡವ ತಕ್ಕ್ (ಕೊಡವ ಭಾಷೆ) ಕಾರ್ಯಕ್ರಮ ಬಿಡಲಾಗದು, ಆದರೆ ಪ್ರಸಾರದ ಹೊತ್ತಿಗೆ ಅವರು ಕಾಫಿ ಕಣದಲ್ಲಿರುತ್ತಾರೆ. ಬಿಡುವಾದಾಗ ಮೊಬೈಲಿನಲ್ಲಿ ಕೇಳಿಸಬಹುದೇ, ಸಿಗ್ನಲ್ ಒಂದೆರಡು ಕಡ್ಡಿ ಮಾತ್ರ ಎಂದು ಕೇಳಿದ್ದೀರಿ.

ಕೇಳಿಸಬಹುದು. ಆದರೆ ಆ್ಯಪ್‌ನಲ್ಲಿ ರೇಡಿಯೊ ಬರುತ್ತದೆ ಎಂದ ಮಾತ್ರಕ್ಕೆ ಕಾರ್ಯಕ್ರಮ ಬೇಕೆಂದಾಗ ಸಿಗುತ್ತದೆ ಎಂದುಕೊಳ್ಳಬೇಡಿ. ಲೈವ್ ಸ್ಟ್ರೀಮಿಂಗ್ ಎಂದರೆ ಪೈಪಿನಲ್ಲಿ ಹರಿಯುವ ನೀರು. ಆ ಹೊತ್ತಿಗೆ ಪಾತ್ರೆ ಇಟ್ಟವರಿಗೆ ಸಿಕ್ಕಿತು, ಇಲ್ಲದವರಿಗೆ ಇಲ್ಲ. ಪಾಡ್‌ಕಾಸ್ಟ್ ಎಂದರೆ ತುಂಬಿಸಿಟ್ಟ ಡ್ರಮ್, ಯಾವಾಗ ಬೇಕಾದರೂ ಮೊಗೆದುಕೊಳ್ಳಬಹುದು. ಪ್ರಸಾರ ಭಾರತಿಯ ನ್ಯೂಸ್‌ಆನ್‌ಏರ್ ಆ್ಯಪ್‌ನಲ್ಲಿ ಆಕಾಶವಾಣಿ ಕೇಂದ್ರಗಳು ಸಿಗುವುದು ಲೈವ್ ಆಗಿ. ಸ್ಥಳೀಯ ಕಾರ್ಯಕ್ರಮ ಮುಗಿದ ಮೇಲೆ ಅದರ ಪ್ರತಿ ಅಲ್ಲಿ ಉಳಿಯುತ್ತದೆ ಎಂದು ನಂಬಿ ಕೂರಬೇಡಿ. ಹಾಗಾಗಿ ನಿಮ್ಮ ಮನೆಗೆ ನಾನು ಮೊದಲು ಹೇಳುವುದು ಸ್ಟ್ರೀಮಿಂಗ್ ಅಲ್ಲ. ಎಫ್‌ಎಂನಿಂದಲೇ ರೆಕಾರ್ಡ್ ಮಾಡಿಕೊಳ್ಳಿ. ಡೇಟಾ ಬೇಡ, ಮೊಬೈಲ್ ಟವರ್ ಬೇಡ.

ಮಡಿಕೇರಿ ಕೇಂದ್ರ 103.1 ಮೆಗಾಹರ್ಟ್ಸ್‌ನಲ್ಲಿದೆ. ರೆಕಾರ್ಡ್ ಮಾಡಲು ಎರಡು ದಾರಿ. ಒಂದು, ಎಫ್‌ಎಂ ಚಿಪ್ ಇರುವ ಹಳೆಯ ಮೊಬೈಲ್. ಮನೆಯ ಡ್ರಾಯರಿನಲ್ಲಿ ಸುಮ್ಮನೆ ಬಿದ್ದಿರುವ ಫೋನ್ ಸಾಕು, ಸಿಮ್ ಕೂಡ ಬೇಡ. ವೈರ್ ಇರುವ ಇಯರ್‌ಫೋನ್ ಸಿಕ್ಕಿಸಲೇಬೇಕು, ಏಕೆಂದರೆ ಆ ವೈರೇ ಆಂಟೆನಾ. ಬ್ಲೂಟೂತ್ ಇಯರ್‌ಫೋನ್ ಇಟ್ಟುಕೊಂಡು ಸ್ಟೇಷನ್ ಸಿಗುತ್ತಿಲ್ಲ ಎನ್ನುವವರು ಬಹಳ. ಎಫ್‌ಎಂ ಆ್ಯಪ್ ತೆರೆದು 103.1ಕ್ಕೆ ತಂದು ಕೆಂಪು ರೆಕಾರ್ಡ್ ಗುಂಡಿ ಒತ್ತಿ ಕಣಕ್ಕೆ ಹೋಗಬಹುದು. ಎಲ್ಲ ಫೋನಿನಲ್ಲೂ ಈ ಗುಂಡಿ ಇರುವುದಿಲ್ಲ, ಮೊದಲು ನೋಡಿಕೊಳ್ಳಿ. ಇನ್ನೊಂದು, ಮೆಮೊರಿ ಕಾರ್ಡ್ ಹಾಕಿ ರೆಕಾರ್ಡ್ ಮಾಡುವ ಸಣ್ಣ ಎಫ್‌ಎಂ ಸೆಟ್. ಕೊಳ್ಳುವಾಗ 'ರೆಕಾರ್ಡಿಂಗ್' ಇರುವುದು ರೇಡಿಯೊಗೋ ಬರೀ ಮೈಕಿಗೋ ಎಂದು ಅಂಗಡಿಯಲ್ಲೇ ಪರೀಕ್ಷಿಸಿ. ಬರೀ ಮೈಕ್ ಆದರೆ ಕಾರ್ಯಕ್ರಮದ ಜೊತೆಗೆ ಕೋಳಿ ಕೂಗು, ಕುಕ್ಕರ್ ವಿಷಲ್ ಎಲ್ಲವೂ ಸೇರುತ್ತದೆ. ಫೈಲ್ ಯಾವ ರೂಪದಲ್ಲಿ ಉಳಿಯುತ್ತದೆ ಎಂಬುದೂ ಮುಖ್ಯ. ಸಿಡಿ ಗುಣಮಟ್ಟದ, ಕುಗ್ಗಿಸದ ವೇವ್ ಫೈಲ್ ಆದರೆ ಅರ್ಧ ಗಂಟೆಗೆ 300 ಎಂಬಿಗಿಂತ ಹೆಚ್ಚು. 128 ಕೆಬಿಪಿಎಸ್ (ಸೆಕೆಂಡಿಗೆ ಕಿಲೋಬಿಟ್) ಎಂಪಿ3 ಆದರೆ 29 ಎಂಬಿ ಹತ್ತಿರ, ಮಾತಿನ ಕಾರ್ಯಕ್ರಮಕ್ಕೆ ಧಾರಾಳವಾಗಿ ಸಾಕಾದ 64ರಲ್ಲಿ ಅದರ ಅರ್ಧ.

ಗುಡ್ಡದ ಮರೆಯಲ್ಲಿ ಎಫ್‌ಎಂ ಕರಕರ ಎನ್ನುವುದು ಕೊಡಗಿನಲ್ಲಿ ಎಲ್ಲರಿಗೂ ಗೊತ್ತು. ಎಫ್‌ಎಂ ಅಲೆ ಹೆಚ್ಚುಕಡಿಮೆ ನೇರ ದೃಷ್ಟಿಯಲ್ಲಿ ಸಾಗುತ್ತದೆ. ಬೆಟ್ಟ ಅಡ್ಡ ಬಂದರೆ ಪಕ್ಕದ ಇಳಿಜಾರಿಗೆ ಬಡಿದೋ ಬೆಟ್ಟದ ಅಂಚಿನಲ್ಲಿ ಬಾಗಿಯೋ ಬಂದ ಅಲೆ ಮಾತ್ರ ನಿಮ್ಮ ಮನೆ ತಲುಪುತ್ತದೆ. ಎರಡು ದಾರಿಯಲ್ಲಿ ಬಂದ ಅಲೆಗಳು ಒಂದನ್ನೊಂದು ಹೊಡೆದುಹಾಕುವ ಜಾಗಗಳೂ ಇರುತ್ತವೆ. 103.1ರ ಅಲೆಯ ಉದ್ದ ಸುಮಾರು 2.9 ಮೀಟರ್, ಆದ್ದರಿಂದ ಸೆಟ್ಟನ್ನು ಅರ್ಧ ಹೆಜ್ಜೆ, ಒಂದು ಹೆಜ್ಜೆ ಸರಿಸಿದರೂ ಸದ್ದು ಪೂರ್ತಿ ಬದಲಾಗಬಹುದು. ಮೇಜಿನ ಈ ತುದಿಯಲ್ಲಿ ಗೊರಗೊರ, ಆ ತುದಿಯಲ್ಲಿ ನಿಚ್ಚಳ. ಆಂಟೆನಾಗೆ ವೈರ್ ಸೇರಿಸುವುದಾದರೆ ಅಲೆಯ ಕಾಲು ಭಾಗ, ಅಂದರೆ ಸುಮಾರು 73 ಸೆಂಟಿಮೀಟರ್ ಲೆಕ್ಕ. ಉದ್ದ ಹೆಚ್ಚಿದಷ್ಟೂ ಒಳ್ಳೆಯದು ಎಂಬುದು ತಪ್ಪು ತಿಳಿವಳಿಕೆ. ತಗಡಿನ ಮಾಡಿನ ಕೆಳಗೆ ಇಡಬೇಡಿ, ಕಿಟಕಿಯ ಹತ್ತಿರ ಇಡಿ. ಮೊಬೈಲ್ ಚಾರ್ಜರ್, ಎಲ್‌ಇಡಿ ಬಲ್ಬ್‌ನಿಂದ ದೂರ ಇರಲಿ, ಅಗ್ಗದವು ಗೊರಗುಟ್ಟುತ್ತವೆ. ಸೆಟ್ಟಿನಲ್ಲಿ ಸ್ಟೀರಿಯೊ, ಮೋನೊ (ಎಡ ಬಲ ಬೇರೆಯಿಲ್ಲದ ಒಂದೇ ಸದ್ದು) ಆಯ್ಕೆ ಇದ್ದರೆ ಮೋನೊಗೆ ಹಾಕಿ, ಉಸ್ಸೆನ್ನುವ ಸದ್ದು ಕೂಡಲೇ ಇಳಿಯುತ್ತದೆ.

ನಿಮ್ಮ ಕಡೆ 103.1 ಏನು ಮಾಡಿದರೂ ಸಿಗದಿದ್ದರೆ ಬೆಂಗಳೂರಿನಲ್ಲೋ ಮೈಸೂರಿನಲ್ಲೋ ಇರುವ ಮನೆಯ ಮಕ್ಕಳಿಗೆ ಈ ಕೆಲಸ ಒಪ್ಪಿಸಿ. ಕೊಡಗಿನ ಯಾವ ಮನೆಯಿಂದ ಒಬ್ಬರು ಅಲ್ಲಿಲ್ಲ ಹೇಳಿ? ಅವರ ಕಂಪ್ಯೂಟರಿನಲ್ಲಿ ಆಡಾಸಿಟಿ ಎಂಬ ಉಚಿತ ತಂತ್ರಾಂಶ ಹಾಕಿಸಿ. ವಿಂಡೋಸ್ ಆದರೆ ಆಡಿಯೊ ಹೋಸ್ಟ್ ಎಂಬಲ್ಲಿ ವಾಸಾಪಿ (WASAPI) ಆರಿಸಿ, ರೆಕಾರ್ಡಿಂಗ್ ಡಿವೈಸ್ ಪಟ್ಟಿಯಲ್ಲಿ 'ಲೂಪ್‌ಬ್ಯಾಕ್' ಎಂದು ಬರೆದಿರುವುದನ್ನು ಹಿಡಿಯಬೇಕು. ಆಗ ಮೈಕ್ ಇಲ್ಲದೆ ಕಂಪ್ಯೂಟರಿನೊಳಗಿನ ಸದ್ದೇ ದಾಖಲಾಗುತ್ತದೆ. ಬ್ರೌಸರಿನಲ್ಲಿ ಮಡಿಕೇರಿ ಕೇಂದ್ರದ ಲೈವ್ ಹಾಕಿ, ಆಡಾಸಿಟಿಯ ಟೈಮರ್ ರೆಕಾರ್ಡ್‌ನಲ್ಲಿ ಶುರು ಮತ್ತು ಕೊನೆಯ ಸಮಯ ಕೊಟ್ಟರೆ ಮುಂದಿನದು ಅದರ ಪಾಡಿಗೆ. ಕೆಡುವುದು ಮೂರು ಕಾರಣಕ್ಕೆ. ಕಂಪ್ಯೂಟರ್ ನಿದ್ದೆಗೆ ಜಾರುತ್ತದೆ, ಆದ್ದರಿಂದ ಸ್ಲೀಪ್ ಅನ್ನು 'ನೆವರ್'ಗೆ ಇಡಬೇಕು. ವಾಟ್ಸ್‌ಆ್ಯಪ್, ಮೇಲ್‌ಗಳ ಟಿಂಗ್ ಸದ್ದು ನಡುವೆ ಸೇರುತ್ತದೆ, ಆ ಹೊತ್ತಿಗೆ ನೋಟಿಫಿಕೇಷನ್ ಮುಚ್ಚಬೇಕು. ಮೂರನೆಯದಂತೂ ಹೆಚ್ಚಿನವರಿಗೆ ಹೊಳೆಯುವುದೇ ಇಲ್ಲ: ಸ್ಟ್ರೀಮ್ ಎಂದೂ ಎಫ್‌ಎಂಗಿಂತ ಹಿಂದೆ. ಸದ್ದನ್ನು ಕೆಲವು ಸೆಕೆಂಡುಗಳ ತುಂಡುಗಳಾಗಿ ಕತ್ತರಿಸಿ ಕಳುಹಿಸುತ್ತಾರೆ, ಪ್ಲೇಯರ್ ಕೆಲವು ತುಂಡು ಕೂಡಿಟ್ಟುಕೊಂಡು ಆಮೇಲೆ ನುಡಿಸುತ್ತದೆ. ಗಡಿಯಾರ ನೋಡಿ ಸರಿಯಾದ ಹೊತ್ತಿಗೆ ನಿಲ್ಲಿಸಿದರೆ ಕೊನೆಯ ಮಾತು ಕತ್ತರಿಸಿಹೋಗುತ್ತದೆ. ಎರಡು ನಿಮಿಷ ಮೊದಲು ಶುರು ಮಾಡಿ ಐದು ನಿಮಿಷ ತಡವಾಗಿ ನಿಲ್ಲಿಸಿ. ಉಳಿಸುವಾಗ ಮೋನೊ, 64 ಕೆಬಿಪಿಎಸ್ ಎಂಪಿ3. ವಾಟ್ಸ್‌ಆ್ಯಪ್‌ನಲ್ಲಿ ಡಾಕ್ಯುಮೆಂಟ್ ಆಗಿ ಕಳುಹಿಸಿದರೆ ನಿಮ್ಮ ಒಂದು ಕಡ್ಡಿ ಸಿಗ್ನಲ್ಲಿಗೂ ಅದು ನಿಧಾನಕ್ಕೆ ಬಂದು ಇಳಿಯುತ್ತದೆ. ಫೈಲ್ ಇಳಿಯುವಾಗ ನಡುವೆ ನಿಂತರೂ ಚಿಂತೆಯಿಲ್ಲ, ಲೈವ್ ಕೇಳುವಾಗ ನಿಂತರೆ ಆ ಮಾತು ಹೋಯಿತು. ಇದು ಮನೆಯವರು ಕೇಳಲು ಮಾತ್ರ. ಯೂಟ್ಯೂಬ್‌ಗೆ ಏರಿಸಬೇಡಿ, ಹಾಡು ಮತ್ತು ಕಾರ್ಯಕ್ರಮದ ಹಕ್ಕು ಬೇರೆಯವರದು.

ಅಮ್ಮ ಮನೆಯಲ್ಲೇ ಇರುವ ದಿನ ಲೈವ್ ಕೇಳಿಸುವುದಾದರೆ ಫೋನನ್ನು ಸಿಗ್ನಲ್ ಇರುವಲ್ಲೇ ಬಿಡಿ, ಮಹಡಿಯ ಕಿಟಕಿಯಾದರೆ ಅಲ್ಲೇ. ಬ್ಲೂಟೂತ್ ಸ್ಪೀಕರ್ ಮಾತ್ರ ಅಡುಗೆಮನೆಗೆ ತನ್ನಿ. ಬಯಲಿನಲ್ಲಿ ಅದು ಹತ್ತು ಮೀಟರ್ ಹಿಡಿಯುತ್ತದೆ, ದಪ್ಪ ಕಲ್ಲುಗೋಡೆ ಇದ್ದರೆ ಅಷ್ಟಿಲ್ಲ. 64 ಕೆಬಿಪಿಎಸ್ ಸ್ಟ್ರೀಮ್ ಗಂಟೆಗೆ 29 ಎಂಬಿ ತಿನ್ನುತ್ತದೆ, ದಿನಕ್ಕೊಂದು ಜಿಬಿ ಇರುವವರಿಗೆ ಅದು ಏನೂ ಅಲ್ಲ. ತೊಡಕು ವೇಗದ್ದಲ್ಲ, ಒಂದೇ ಸಮ ಬರದಿರುವುದು. ಪರದೆ ಆರಿದ ಸ್ವಲ್ಪ ಹೊತ್ತಿಗೆ ರೇಡಿಯೊವೂ ನಿಲ್ಲುತ್ತದೆಯೇ? ಅದು ನೆಟ್‌ವರ್ಕಿನ ತಪ್ಪಲ್ಲ, ಬ್ಯಾಟರಿ ಉಳಿಸಲು ಫೋನೇ ಆ್ಯಪನ್ನು ಮುಚ್ಚುತ್ತದೆ. ಸೆಟ್ಟಿಂಗ್ಸ್, ಆ್ಯಪ್ಸ್, ಆ ಆ್ಯಪ್, ಬ್ಯಾಟರಿ ಎಂದು ಹೋಗಿ 'ಅನ್‌ರಿಸ್ಟ್ರಿಕ್ಟೆಡ್' ಮಾಡಿ. ಎರಡು ಸಿಮ್ ಇದ್ದು ಡೇಟಾ ಎರಡನೆಯದರಲ್ಲಿದ್ದರೆ ಮೊದಲನೆಯದಕ್ಕೆ ಕರೆ ಬಂದಾಗ ಸ್ಟ್ರೀಮ್ ಕಡಿಯುತ್ತದೆ, ಹೆಚ್ಚಿನ ಫೋನುಗಳ ಸ್ವಭಾವವೇ ಹಾಗೆ.

ನಿಜವಾಗಿ ಬೇಕೆಂದಾಗ ಸಿಗುವುದು ಸುದ್ದಿ. ನ್ಯೂಸ್‌ಆನ್‌ಏರ್ ಜಾಲತಾಣದಲ್ಲಿ ಪ್ರಾದೇಶಿಕ ವಾರ್ತೆಗಳ ಧ್ವನಿ ಫೈಲುಗಳಿವೆ, ಬೆಂಗಳೂರು ಮತ್ತು ಧಾರವಾಡದ ಕನ್ನಡ ವಾರ್ತೆಯೂ ಅಲ್ಲಿದೆ. ಆಕಾಶವಾಣಿಯ ಹಲವು ಕೇಂದ್ರಗಳು ಆಯ್ದ ಸಂದರ್ಶನ, ನಾಟಕಗಳನ್ನು ಯೂಟ್ಯೂಬ್‌ಗೂ ಹಾಕುತ್ತವೆ. ಅಲ್ಲಿ ಕೇಳುವಾಗ ಗುಣಮಟ್ಟ 144ಪಿಗೆ ಇಳಿಸಿ, ಇಲ್ಲದಿದ್ದರೆ ನೋಡದ ಚಿತ್ರಕ್ಕೂ ಡೇಟಾ ತೆರಬೇಕು.

ಕನ್ನಡ ಪಾಡ್‌ಕಾಸ್ಟ್ ಕೇಳಲು ಆಂಡ್ರಾಯ್ಡ್‌ನಲ್ಲಿ ನನ್ನ ಆಯ್ಕೆ ಆಂಟೆನಾಪಾಡ್. ಉಚಿತ, ತನ್ನದೇ ಜಾಹೀರಾತು ಇಲ್ಲ, ಖಾತೆಯೂ ಬೇಡ. ಗೂಗಲ್ ಪಾಡ್‌ಕಾಸ್ಟ್ಸ್ 2024ರಲ್ಲೇ ಮುಚ್ಚಿತು, ಹಳೆಯ ಫೋನಿನಲ್ಲಿ ಅದರ ಗುರುತು ಉಳಿದಿದ್ದರೆ ಅಳಿಸಿಬಿಡಿ. ಹುಡುಕುವಾಗ ಕನ್ನಡ ಅಕ್ಷರದಲ್ಲೂ ಇಂಗ್ಲಿಷ್ ಅಕ್ಷರದಲ್ಲೂ ಹೊಡೆದು ನೋಡಿ. 'ತಲೆ ಹರಟೆ'ಯಂಥ ಕನ್ನಡ ಮಾತುಕತೆಯೂ ಇಂಗ್ಲಿಷ್ ಕಾಗುಣಿತದಲ್ಲೇ ಬೇಗ ಸಿಗುತ್ತದೆ. ಚಂದಾದಾರರಾದ ಮೇಲೆ ತಾನೇ ಡೌನ್‌ಲೋಡ್ ಆಗುವಂತೆ, ಆದರೆ ವೈಫೈನಲ್ಲಿ ಮಾತ್ರ, ಎಂದು ಇಡಿ. ಕೇಳಿದ್ದು ತಾನೇ ಅಳಿಯುವಂತೆಯೂ ಮಾಡಿ. ಮನೆಯಲ್ಲಿ ವೈಫೈ ಇಲ್ಲದಿದ್ದರೆ ಶುಕ್ರವಾರ ಮಡಿಕೇರಿ ಸಂತೆಗೋ ಭಾನುವಾರ ಗೋಣಿಕೊಪ್ಪ ಸಂತೆಗೋ ಹೋದಾಗ 4ಜಿ ಚೆನ್ನಾಗಿರುವಲ್ಲಿ ನಿಂತು ಕೈಯಾರೆ ಇಳಿಸಿಕೊಳ್ಳಿ, ವಾರಕ್ಕಾಗುತ್ತದೆ. ನೀವು ಎಫ್‌ಎಂನಿಂದ ಮಾಡಿಟ್ಟ ಫೈಲುಗಳನ್ನೂ ಇದರಲ್ಲೇ ಸೇರಿಸಬಹುದು: 'ಲೋಕಲ್ ಫೋಲ್ಡರ್ ಸೇರಿಸಿ' ಎಂಬ ಆಯ್ಕೆಯಲ್ಲಿ ಫೋಲ್ಡರ್ ತೋರಿಸಿದರೆ ಅವೂ ಪಾಡ್‌ಕಾಸ್ಟಿನ ಹಾಗೆ ಸಾಲಾಗಿ ನಿಲ್ಲುತ್ತವೆ, ಅಮ್ಮ ನಿಲ್ಲಿಸಿದ ಕಡೆಯಿಂದಲೇ ಮುಂದುವರಿಯುತ್ತವೆ. ಫೈಲಿನ ಹೆಸರಿನಲ್ಲಿ ವರ್ಷ, ತಿಂಗಳು, ದಿನ ಈ ಕ್ರಮದಲ್ಲಿ ಬರೆದರೆ ಹುಡುಕುವ ಕಷ್ಟವಿಲ್ಲ.

ಇನ್ನು ಮಳೆಗಾಲ. ಜೂನ್‌ನಿಂದ ಕಕ್ಕಡ (ಆಗಸ್ಟ್ ನಡುವಿನವರೆಗಿನ ಕೊಡವ ತಿಂಗಳು) ಮುಗಿಯುವವರೆಗೆ ಕರೆಂಟು ದಿನಗಟ್ಟಲೆ ಹೋಗುತ್ತದೆ, ಬ್ಯಾಟರಿ ಇಳಿದ ಮೇಲೆ ಟವರೂ ಸುಮ್ಮನಾಗುತ್ತದೆ. ಫೈಬರ್ ಸಂಪರ್ಕ ಇದ್ದರೆ ರೂಟರಿಗೆ ಮಿನಿ ಯುಪಿಎಸ್ ಹಾಕಿ. ಕೊಳ್ಳುವ ಮೊದಲು ರೂಟರಿನ ಅಡಾಪ್ಟರ್ ಮೇಲಿನ ವೋಲ್ಟ್, ಆಂಪಿಯರ್ ಓದಿ. ಸಾಮಾನ್ಯವಾಗಿ 12 ವೋಲ್ಟ್ ಇರುತ್ತದೆ, 9 ಇರುವವೂ ಉಂಟು, ತಪ್ಪಿ ಹಾಕಿದರೆ ರೂಟರ್ ಸುಡಬಹುದು. ಗುಡುಗು ಮಿಂಚು ಶುರುವಾದರೆ ಪ್ಲಗ್ ಕಿತ್ತಿಡಿ. ಶೆಲ್ ಹಾಕುವ ರೇಡಿಯೊ ಒಂದು ಮನೆಯಲ್ಲಿ ಇರಲೇಬೇಕು, 2018ರ ಆಗಸ್ಟ್‌ನಂಥ ಮಳೆಯಲ್ಲಿ ಯಾವ ಆ್ಯಪ್ ಅನ್ನೂ ನಂಬಿ ಕೂರುವಂತಿಲ್ಲ. ಬಳಸದ ದಿನಗಳಲ್ಲಿ ಶೆಲ್ ತೆಗೆದು ಡಬ್ಬಿಯಲ್ಲಿಡಿ. ನಮ್ಮ ಥಂಡಿಗೆ ಅದು ಒಸರಿ ಸ್ಪ್ರಿಂಗಿಗೆ ತುಕ್ಕು ಹಿಡಿಸುತ್ತದೆ.