ತಲೆಗೆ ಪೆಟ್ಟಾದ ಮೇಲೆ ನಡಿಗೆಯಿಂದ ನೆನಪು ಸುಧಾರಿಸುತ್ತದಾ?

ಬೈಕಿನಿಂದ ಬಿದ್ದ ಅಣ್ಣನಿಗೆ ಮೂರು ತಿಂಗಳಾದರೂ ಮರೆವು ಜಾಸ್ತಿ, ದಿನಾ ನಡೆಸಿದರೆ ಉಪಯೋಗ ಇದೆಯಾ ಅಂತ ಕೇಳಿದ್ದೀರಿ. ಇದೆ. ಡಾಕ್ಟರು ಒಪ್ಪಿದ ಮೇಲೆ ಶುರು ಮಾಡಿ.

ಬಿರುಸಾಗಿ ನಡೆದಾಗ ಮೆದುಳಿಗೆ ರಕ್ತ ಚೆನ್ನಾಗಿ ಹರಿಯುತ್ತದೆ. ನರಕೋಶಗಳನ್ನು ಪೋಷಿಸುವ ಬಿಡಿಎನ್‌ಎಫ್ ಎಂಬ ಪ್ರೋಟೀನೂ ಏರುತ್ತದೆ. 2011ರ ಒಂದು ಅಮೆರಿಕನ್ ಅಧ್ಯಯನದಲ್ಲಿ, ವಾರಕ್ಕೆ ಮೂರು ದಿನ 40 ನಿಮಿಷ ನಡೆದ ಹಿರಿಯರಲ್ಲಿ ನೆನಪಿಗೆ ಬೇಕಾದ ಹಿಪೊಕ್ಯಾಂಪಸ್ ಎಂಬ ಮೆದುಳಿನ ಭಾಗ ವರ್ಷದಲ್ಲಿ ಸುಮಾರು 2% ಬೆಳೆದಿತ್ತು. ಅವರು ಪೆಟ್ಟಾದವರಲ್ಲ, ಆರೋಗ್ಯವಂತರು. ಹಾಗಾಗಿ ಅಷ್ಟೇ ಫಲ ಸಿಗುತ್ತದೆ ಅಂತ ನಾನು ಹೇಳಲಾರೆ.

ಬದಿಯಡ್ಕದ ಹತ್ತಿರ ನಮ್ಮ ಭಾವ ಅಡಿಕೆ ಮರದಿಂದ ಬಿದ್ದಿದ್ದರು. ಆಮೇಲೆ ದಿನಾ ಬೆಳಿಗ್ಗೆ ಅಂಗಳಕ್ಕೆ ಸುತ್ತು ಬರುತ್ತಿದ್ದರು. ಸುತ್ತಿಗೊಂದು ಅಡಿಕೆ ಜಗಲಿ ಮೇಲೆ ಇಡಬೇಕು. ಮೊದಮೊದಲು ಇಡಲು ಮರೆತು ಸುಮ್ನೆ ನಿಂತುಬಿಡುತ್ತಿದ್ದರು. ಎರಡು ತಿಂಗಳಲ್ಲಿ ಲೆಕ್ಕ ಸರಿಯಾಗಿ ಕೂಡತೊಡಗಿತು. ಮದ್ದು, ನಿದ್ದೆ, ಥೆರಪಿಯೂ ಜೊತೆಗಿತ್ತು ಅನ್ನಿ.

10 ನಿಮಿಷದಿಂದ ಶುರು ಮಾಡಿ. ಮಾತಾಡುತ್ತಾ ನಡೆಯುವಷ್ಟೇ ವೇಗ ಸಾಕು. ಮಳೆಗಾಲದಲ್ಲಿ ತೋಟದ ದಾರಿ ಬೇಡವೇ ಬೇಡ, ಪಾಚಿಯಲ್ಲಿ ಜಾರಿ ಮತ್ತೆ ತಲೆಗೆ ಪೆಟ್ಟಾದರೆ ಕಷ್ಟ ಅಲ್ವಾ? ತಲೆನೋವು, ತಲೆಸುತ್ತು ಜಾಸ್ತಿಯಾದರೆ ಅಂದಿಗೆ ನಿಲ್ಲಿಸಿ. ವಾಂತಿ, ಮಂಪರು ಬಂದರೆ ತಡಮಾಡದೆ ಆಸ್ಪತ್ರೆಗೆ ಕರೆದುಕೊಂಡು ಹೋಗಿ.