ಬಿಟ್ಟ ಮರಿಯ ಲೆಕ್ಕ, ಉಳಿದ ಮೀನಿನ ಲೆಕ್ಕ

ಓದುಗರ ಪತ್ರ: ನಮ್ಮ ಸಂಘ ಗುತ್ತಿಗೆ ಹಿಡಿದಿರುವ ಕೆರೆ ತುಂಬಿದಾಗ ನಲವತ್ತು ಎಕರೆ. ಕಳೆದ ಆಗಸ್ಟ್‌ನಲ್ಲಿ ಒಂದಂಗುಲದ ಕಾಟ್ಲಾ, ರೋಹು, ಮೃಗಾಲ್ ಮರಿ 60,000 ಬಿಟ್ಟೆವು. ಅಕ್ಟೋಬರ್‌ನಲ್ಲಿ ಕೋಡಿ ಹರಿಯಿತು. ಈಗ ಮಾರ್ಚ್‌ನಲ್ಲಿ ಬಲೆಗೆ ಬೀಳುತ್ತಿರುವುದು ಬಹುಪಾಲು ಜಿಲೇಬಿ ಮೀನು (ತಿಲಾಪಿಯಾ). ಈ ಸಲ ಮರಿ ದುಪ್ಪಟ್ಟು ಬಿಡೋಣವೇ? ದೊಡ್ಡ ಕಾಟ್ಲಾ ಒಂದಷ್ಟು ಉಳಿಸಿದರೆ ಅವೇ ಮರಿ ಮಾಡುತ್ತವೆಯೇ? ಕೆರೆಯಲ್ಲಿ ಎಷ್ಟು ಮೀನಿದೆ ಎಂದು ತಿಳಿಯುವುದು ಹೇಗೆ? (ಶಿರಾ ತಾಲ್ಲೂಕಿನಿಂದ)

ಸಂಪಾದಕರ ಉತ್ತರ: ದುಪ್ಪಟ್ಟು ಬೇಡ. ಒಂದಂಗುಲದ ಮರಿ ಕೊರವ ಮೀನಿಗೂ ನೀರುಕಾಗೆಗೂ ಒಂದು ತುತ್ತು. ನೀವು ಹೆಚ್ಚು ಬಿಟ್ಟಷ್ಟೂ ಅವು ಹೆಚ್ಚು ತಿನ್ನುತ್ತವೆ. ನಾಲ್ಕಂಗುಲ ದಾಟಿದ ಮರಿಯನ್ನು ನುಂಗುವ ಬಾಯಿಗಳು ಕೆರೆಯಲ್ಲಿ ಕಡಿಮೆ.

ಲೆಕ್ಕವನ್ನು ಫಸಲಿನ ಕಡೆಯಿಂದ ಹಾಕಿ. ತುಂಬಿದ ಕೆರೆಯ ನಲವತ್ತು ಎಕರೆ ನಂಬಬೇಡಿ, ವರ್ಷದ ಸರಾಸರಿ ಇಪ್ಪತ್ತು ಎಂದಿಟ್ಟುಕೊಳ್ಳಿ. ಮೇವು ಹಾಕದ ಕೆರೆಯಲ್ಲಿ ಎಕರೆಗೆ 100 ಕೆ.ಜಿ. ಗುರಿ ಇಟ್ಟರೆ 2,000 ಕೆ.ಜಿ. ಮೀನು ತಲಾ 600 ಗ್ರಾಂ ತೂಗಿದರೆ ಸುಮಾರು 3,300 ಮೀನು. ನೂರಕ್ಕೆ ನಲವತ್ತೇ ಉಳಿದರೂ ಬೇಕಾದ ನಾಲ್ಕಂಗುಲದ ಬಲಿತ ಮರಿ 8,300. ಅರವತ್ತು ಸಾವಿರ ಎಲ್ಲಿ, ಇದೆಲ್ಲಿ!

ಆ ಮರಿಯನ್ನು ನೀವೇ ಬೆಳೆಸಿಕೊಳ್ಳಬಹುದು. ಕೆರೆ ಪಕ್ಕದಲ್ಲಿ ಹತ್ತು ಗುಂಟೆಯ ಕೊಳ ಒಣಗಿಸಿ, 25 ಕೆ.ಜಿ. ಸುಣ್ಣ ಎರಚಿ, ಸಗಣಿ ಗೊಬ್ಬರ ಹಾಕಿ ನೀರು ತುಂಬಿ. ನೀರು ತೆಳು ಹಸಿರಿಗೆ ತಿರುಗಿದ ಮೇಲೆ ಒಂದಂಗುಲದ 15,000 ಮರಿ ಬಿಡಿ. ಅಕ್ಕಿ ತೌಡು, ಕಡಲೆಕಾಯಿ ಹಿಂಡಿ ಸಮಸಮ ಬೆರೆಸಿ ದಿನವೂ ಕೊಡಿ. ಎರಡು ಎರಡೂವರೆ ತಿಂಗಳಲ್ಲಿ ನಾಲ್ಕಂಗುಲಕ್ಕೆ ಬರುತ್ತವೆ. ನೂರಕ್ಕೆ ಅರವತ್ತು ಉಳಿದರೂ 9,000 ಸಿಕ್ಕಿತು. ಕೆರೆಗೆ ಸಾಗಿಸಿದಾಗ ಚೀಲವನ್ನು ಹಾಗೇ ಸುರಿಯಬಾರದು. ಕಾಲು ಗಂಟೆ ನೀರಿನ ಮೇಲೆ ತೇಲಬಿಟ್ಟು, ಕೆರೆ ನೀರನ್ನು ಸ್ವಲ್ಪ ಸ್ವಲ್ಪವೇ ಒಳಗೆ ಸೇರಿಸಿ, ಮರಿ ತಾನಾಗಿ ಈಜಿ ಹೋಗಲು ಬಿಡಿ.

ಕೋಡಿಯನ್ನೂ ಮರೆಯಬೇಡಿ. ಮೀನು ಹರಿವಿಗೆ ಸೇರುತ್ತದೆ. ಅಕ್ಟೋಬರ್‌ನಲ್ಲಿ ನಿಮ್ಮ ಮರಿಯಲ್ಲಿ ಒಂದು ಪಾಲು ಕೆಳಗಿನ ಕೆರೆಯವರ ಪಾಲಾಗಿರಬಹುದು. ಕೋಡಿಗೂ ತೂಬಿಗೂ ಜಾಲರಿ ಕಟ್ಟಿ, ಮಳೆ ಬಂದ ದಿನವೆಲ್ಲ ಅದರಲ್ಲಿ ಸಿಕ್ಕ ಕಸ ತೆಗೆಯಿರಿ. ಕಸ ಕಟ್ಟಿದರೆ ನೀರು ಜಾಲರಿಯನ್ನೇ ಕಿತ್ತೊಯ್ಯುತ್ತದೆ, ಏರಿಗೂ ಅಪಾಯ.

ದೊಡ್ಡ ಕಾಟ್ಲಾ ಉಳಿಸಿ ಮರಿಗೆ ಕಾಯುವುದು ವ್ಯರ್ಥ. ಕಾಟ್ಲಾ, ರೋಹು, ಮೃಗಾಲ್ ಮೊಟ್ಟೆಯಿಡಲು ಮಳೆಗಾಲದ ಹರಿಯುವ ಹೊಳೆ ಬೇಕು. 1957ರಲ್ಲಿ ಮೀನು ವಿಜ್ಞಾನಿ ಹೀರಾಲಾಲ್ ಚೌಧುರಿ ಪಿಟ್ಯುಟರಿ (ಮಿದುಳಿನ ಬುಡದ ಗ್ರಂಥಿ) ರಸದ ಚುಚ್ಚುಮದ್ದಿನಿಂದ ಈ ಗೆಂಡೆ ಜಾತಿಯ ಮೀನುಗಳನ್ನು ಮೊಟ್ಟೆಯಿಡಿಸಿ ತೋರಿಸುವ ತನಕ ದೇಶಕ್ಕೆಲ್ಲ ಬಹುಮಟ್ಟಿಗೆ ಹೊಳೆಯಿಂದ ಹಿಡಿದ ಮರಿಯೇ ಗತಿಯಾಗಿತ್ತು. ಜಿಲೇಬಿಯದು ಬೇರೆ ಜಾತಕ. 1952ರಲ್ಲಿ ಭಾರತಕ್ಕೆ ಬಂದ ಈ ಮೀನು ಎರಡು ಮೂರು ತಿಂಗಳಿಗೇ ಮೊಟ್ಟೆಯಿಡುತ್ತದೆ, ಮರಿಯನ್ನು ತಾಯಿ ಬಾಯಲ್ಲಿಟ್ಟು ಕಾಯುತ್ತದೆ. ನೀರು ಇಳಿದಾಗ ದಡದ ಕೆಸರಿನಲ್ಲಿ ತಟ್ಟೆಯಂಥ ಗುಂಡಿಗಳು ಕಂಡರೆ ಅವು ಇದರ ಗೂಡು. ಕೆರೆ ಕುಗ್ಗಿರುವ ಈಗಲೇ ಸಣ್ಣ ಕಣ್ಣಿನ ಎಳೆಬಲೆ ಹಾಕಿ ಚಿಕ್ಕದು ದೊಡ್ಡದು ನೋಡದೆ ಜಿಲೇಬಿ ತೆಗೆಯಿರಿ. ತಳದ ಮಡುಗಳನ್ನೂ ಬಿಡಬೇಡಿ. ಬಲೆಗೆ ಬಂದ ಸಣ್ಣ ರೋಹು, ಕಾಟ್ಲಾಗಳನ್ನು ಹಾಗೇ ವಾಪಸ್ ಬಿಡಿ.

ಎಣಿಕೆಗೆ ಕತ್ತರಿ ಸಾಕು. ಜಿಲೇಬಿ ಬಿಟ್ಟು 120 ಮೀನು ಹಿಡಿದು, ಎಡಗಡೆ ಹೊಟ್ಟೆ ರೆಕ್ಕೆಯ ತುದಿ ಚೂರು ಕತ್ತರಿಸಿ ಕೆರೆಯ ಬೇರೆ ಬೇರೆ ಕಡೆ ಬಿಡಿ. ವಾರ ಬಿಟ್ಟು ಮತ್ತೆ ಹಿಡಿಯಿರಿ. 90 ಸಿಕ್ಕಿ, ಅದರಲ್ಲಿ 18ಕ್ಕೆ ಗುರುತಿದ್ದರೆ, 120ನ್ನು 90ರಿಂದ ಗುಣಿಸಿ 18ರಿಂದ ಭಾಗಿಸಿ: 600 ಮೀನು. ಗುರುತು ಹಾಕಿದವು ಕೈ ತಾಗಿ ಸತ್ತರೆ ಲೆಕ್ಕ ಉಬ್ಬುತ್ತದೆ. ಬಿಟ್ಟ ಮೂಲೆಯಲ್ಲೇ ಮತ್ತೆ ಬಲೆ ಹಾಕಿದರೆ ಕುಗ್ಗುತ್ತದೆ. ಒದ್ದೆ ಕೈಯಲ್ಲಿ, ಬೆಳಗಿನ ತಂಪಿನಲ್ಲಿ ಮಾಡಿ.

ಮೇ ತನಕ ನೀರು ನಿಲ್ಲುವ ಭರವಸೆಯಿದ್ದರೆ ಅರ್ಧ ಕೆ.ಜಿ. ಒಳಗಿನವನ್ನು ಬೆಳೆಯಲು ಬಿಡಬಹುದು. ನೀರಿನಲ್ಲಿ ಉಸಿರಿಗೆ ಸಾಲದೆ ಮುಂಜಾನೆ ಮೀನು ಮೇಲೆ ಬಂದು ಬಾಯಿ ತೆರೆಯತೊಡಗಿದರೆ ಮಾತ್ರ ಕಾಯಬೇಡಿ, ಅಂದೇ ಬಲೆ ಇಳಿಸಿ.